ಕರೆಂಟ್ ನಿಲ್ಲಬೇಕು, ಮಾಹಿತಿ ದಾಟಬೇಕು

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದನ್ನು ನೀವು ನೋಡಿರುತ್ತೀರಿ. ಎದೆಗೆ, ಕೈಕಾಲಿಗೆ ವೈರು ಅಂಟಿಸಿರುತ್ತಾರೆ. ಆ ವೈರುಗಳು ಹೋಗಿ ಸೇರುವ ಮಷೀನು ಗೋಡೆಯ 230 ವೋಲ್ಟ್ ಪ್ಲಗ್ಗಿನಿಂದ ನಡೆಯುತ್ತದೆ. ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್ ಅಷ್ಟೇ. ಅದು ಮಷೀನಿಗೆ ತಲುಪಲೇಬೇಕು. ಮಷೀನಿನ ಕರೆಂಟ್ ಮಾತ್ರ ರೋಗಿಯ ಮೈಗೆ ಬರಬಾರದು. ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣಗಳಲ್ಲಿ, ಎಲ್ಲವೂ ಸರಿ ಇರುವಾಗ, ಸೋರುವ ಕರೆಂಟ್ 10 ಮೈಕ್ರೊಆಂಪಿಯರ್ ದಾಟಬಾರದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ಅಂದರೆ ಒಂದು ಆಂಪಿಯರಿನ ಲಕ್ಷದಲ್ಲಿ ಒಂದು ಪಾಲು.

ಇದಕ್ಕಾಗಿ ಸರ್ಕ್ಯೂಟನ್ನೇ ಎರಡು ತುಂಡು ಮಾಡುತ್ತಾರೆ. ನಡುವೆ ತಂತಿಯ ಸಂಬಂಧವೇ ಇರುವುದಿಲ್ಲ, ಗ್ರೌಂಡ್, ಅಂದರೆ ವೋಲ್ಟೇಜ್ ಅಳೆಯಲು ಸೊನ್ನೆ ಅಂತ ಇಟ್ಟುಕೊಳ್ಳುವ ಜಾಗ, ಅದೂ ಬೇರೆ ಬೇರೆ. ಇದಕ್ಕೆ ಐಸೊಲೇಶನ್ ಅನ್ನುತ್ತಾರೆ. ಎಲೆಕ್ಟ್ರಿಕ್ ಕಾರು, ಸೋಲಾರ್ ಇನ್ವರ್ಟರ್, ಕಾರ್ಖಾನೆಯ ಮೋಟಾರ್ ಡ್ರೈವ್, ಎಲ್ಲದರಲ್ಲೂ ಇದೇ ಕಥೆ. ನಿಮ್ಮ ಮನೆಯ ರೂಟರಿನ ಈಥರ್ನೆಟ್ ಕಿಂಡಿಯ ಹಿಂದೆಯೂ ಇದಕ್ಕಾಗಿಯೇ ಪುಟಾಣಿ ಟ್ರಾನ್ಸ್‌ಫಾರ್ಮರುಗಳಿವೆ. ಅವು 1500 ವೋಲ್ಟಿನ ಪರೀಕ್ಷೆಯನ್ನು ತಡೆದುಕೊಳ್ಳಬೇಕು.

ಹಾಗಾದರೆ ಮಾಹಿತಿ ದಾಟುವುದು ಹೇಗೆ? ಹಳೆಯ ದಾರಿ ಬೆಳಕು. ಹೊಳೆಯ ಈಚೆ ದಡದಲ್ಲಿ ನಿಂತು ಆಚೆ ದಡದವರಿಗೆ ದೀಪ ತೋರಿಸಿದ ಹಾಗೆ, ಒಂದು ಎಲ್‌ಇಡಿ ಮಿನುಗುತ್ತದೆ, ಎದುರಿನ ಫೋಟೋ ಟ್ರಾನ್ಸಿಸ್ಟರ್ ಅದನ್ನು ಕಾಣುತ್ತದೆ. ಇದೇ ಆಪ್ಟೊಕಪ್ಲರ್. ಮೊಬೈಲ್ ಚಾರ್ಜರಿನ ಒಳಗೂ ಇದು ಸಿಗುತ್ತದೆ. ಅಗ್ಗ, ಆದರೆ ನಿಧಾನ. ವರ್ಷಗಳು ಕಳೆದಂತೆ ಎಲ್‌ಇಡಿ ಮಂಕಾಗುತ್ತದೆ ಕೂಡ.

ವೇಗ ಬೇಕೆಂದರೆ 6ಎನ್137 ಎಂಬ ಆಪ್ಟೊಕಪ್ಲರ್ ಇದೆ. ಸೆಕೆಂಡಿಗೆ 10 ಮೆಗಾಬಿಟ್ ಅಂತ ಬರೆದಿರುತ್ತಾರೆ. ಆದರೆ ಸಿಗ್ನಲ್ ಅದರೊಳಗಿಂದ ಹಾಯಲು 75 ನ್ಯಾನೋಸೆಕೆಂಡಿನವರೆಗೂ ಹಿಡಿಯಬಹುದು. ಎಸ್‌ಪಿಐ ಎಂಬುದು ಚಿಪ್ಪುಗಳು ಪರಸ್ಪರ ಮಾತಾಡುವ ಒಂದು ಪದ್ಧತಿ. ಅದರಲ್ಲಿ ಈಚೆಯ ಪ್ರೊಸೆಸರ್ ಕ್ಲಾಕ್, ಅಂದರೆ ತಾಳದ ಹಾಗೆ ಬಡಿಯುವ ಸಿಗ್ನಲ್, ಕಳಿಸುತ್ತದೆ, ಆಚೆಯ ಚಿಪ್ ಅದನ್ನು ನೋಡಿ ಡೇಟಾ ವಾಪಸ್ ಕಳಿಸುತ್ತದೆ. ಹೋಗಲು 75, ಬರಲು 75. ಅಷ್ಟರೊಳಗೆ ಓದುವ ಹೊತ್ತು ಬಂದುಬಿಟ್ಟರೆ ಪ್ರೊಸೆಸರ್ ಹಳೇ ಬಿಟ್ಟನ್ನೇ ಓದುತ್ತದೆ. ಹಾಗಾಗಿ ಕ್ಲಾಕನ್ನು 3 ಮೆಗಾಹರ್ಟ್ಸ್ ಹತ್ತಿರಕ್ಕೆ ಇಳಿಸಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದು ಇದನ್ನೇ. ಮೆಗಾಬಿಟ್ ಒಂದನ್ನೇ ನೋಡಬೇಡಿ, ದಾಟಲು ಹಿಡಿಯುವ ಸಮಯವನ್ನೂ ನೋಡಿ.

ಈಗಿನ ಡಿಜಿಟಲ್ ಐಸೊಲೇಟರುಗಳಲ್ಲಿ ಬೆಳಕಿಲ್ಲ. ಕೆಲವು ಚಿಪ್ಪಿನ ಮೇಲೆಯೇ ಸಣ್ಣ ಸುರುಳಿಗಳನ್ನಿಟ್ಟು ಕಾಂತಶಕ್ತಿಯಿಂದ ಕೆಲಸ ಮಾಡುತ್ತವೆ. ಇನ್ನು ಕೆಲವದರಲ್ಲಿ ಸಿಲಿಕಾನ್ ಡೈಆಕ್ಸೈಡ್, ಅಂದರೆ ಗಾಜಿನಂಥದ್ದೇ ವಸ್ತುವಿನ ತೆಳು ಪದರವಿರುವ ಕೆಪಾಸಿಟರ್ ಇರುತ್ತದೆ. ಆ ಪದರದ ಒಂದೊಂದು ಮೈಕ್ರೊಮೀಟರೂ ಸುಮಾರು 500 ವೋಲ್ಟ್ ತಡೆಯಬಲ್ಲದು. ಕೂದಲಿಗಿಂತ ತೆಳ್ಳಗಿನ ಗೋಡೆ ಸಾವಿರಾರು ವೋಲ್ಟುಗಳನ್ನು ಹಿಡಿದು ನಿಲ್ಲಿಸುತ್ತದೆ. ನನಗೆ ಇದು ಇವತ್ತಿಗೂ ಅಚ್ಚರಿಯೇ. ಸ್ಥಿರ ವೋಲ್ಟೇಜ್ ಕೆಪಾಸಿಟರನ್ನು ದಾಟುವುದಿಲ್ಲ ಅಲ್ವಾ? ಅದಕ್ಕೇ 1 ಕಳಿಸುವಾಗ ಬಹಳ ವೇಗದ ಅಲೆಯನ್ನು ಹಾಯಿಸುತ್ತಾರೆ, 0 ಇದ್ದಾಗ ಸುಮ್ನಿರುತ್ತಾರೆ. ಇಂಥವು ಸೆಕೆಂಡಿಗೆ 100 ಮೆಗಾಬಿಟ್ ಸಲೀಸಾಗಿ ದಾಟಿಸುತ್ತವೆ. ಸಮಯವೂ 10 ನ್ಯಾನೋಸೆಕೆಂಡಿನ ಆಸುಪಾಸು.

ಆದರೆ ವೇಗದ ಸಿಗ್ನಲ್ಲಿಗೆ ತೆರೆದ ದಾರಿಯಲ್ಲಿ ವೇಗದ ಗದ್ದಲವೂ ನುಗ್ಗುತ್ತದೆ. ಕಷ್ಟ ಇರುವುದೇ ಇಲ್ಲಿ. ಎಲೆಕ್ಟ್ರಿಕ್ ಕಾರಿನ ಇನ್ವರ್ಟರಿನಲ್ಲಿ ಸಿಲಿಕಾನ್ ಕಾರ್ಬೈಡ್ ಟ್ರಾನ್ಸಿಸ್ಟರ್ 10 ನ್ಯಾನೋಸೆಕೆಂಡಿನಲ್ಲಿ 800 ವೋಲ್ಟ್ ಏರಿತು ಅಂದುಕೊಳ್ಳಿ. ಆಗ ಒಂದೇ ಒಂದು ಪಿಕೋಫ್ಯಾರಡ್ ಕೆಪಾಸಿಟರಿನ ಮೂಲಕ 80 ಮಿಲಿಆಂಪಿಯರ್ ಹರಿಯುತ್ತದೆ. ಆಪ್ಟೊಕಪ್ಲರಿನ ಎಲ್‌ಇಡಿ ಹೊತ್ತಿಸಲು 10 ಸಾಕು! ಇದನ್ನು ಗೆಲ್ಲಲು ಸಿಗ್ನಲನ್ನು ಜೋಡಿಯಾಗಿ ಕಳಿಸುತ್ತಾರೆ, ಒಂದು ನೇರ, ಒಂದು ಉಲ್ಟಾ. ಗದ್ದಲ ಎರಡಕ್ಕೂ ಒಂದೇ ಥರ ಬೀಳುತ್ತದೆ. ಆಚೆ ಕಡೆ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಬಹುಮಟ್ಟಿಗೆ ಅಳಿಸಿಹೋಗಿ ಸಿಗ್ನಲ್ ಉಳಿಯುತ್ತದೆ. ಹಾಗಾಗಿ ಚಿಪ್ ಆರಿಸುವಾಗ ಸಿಎಂಟಿಐ, ಅಂದರೆ ಇಂಥ ಗದ್ದಲವನ್ನು ಚಿಪ್ ಎಷ್ಟು ತಾಳುತ್ತದೆ ಎಂಬ ಅಂಕಿಯನ್ನು ನೋಡಬೇಕು. ಮೈಕ್ರೊಸೆಕೆಂಡಿಗೆ 100 ಕಿಲೋವೋಲ್ಟ್ ತಾಳುವ ಚಿಪ್ಪುಗಳು ಈಗ ಸಿಗುತ್ತವೆ.

ಚಿಪ್ ಒಳ್ಳೆಯದಿದ್ದರೂ ಬೋರ್ಡಿನಲ್ಲಿ ಎಡವಟ್ಟಾಗಬಹುದು. ಐಸೊಲೇಟರಿನ ಕೆಳಗೆ ತಾಮ್ರದ ಗ್ರೌಂಡ್ ಹಾಯಿಸಿದರೆ ಎರಡು ಕಡೆಗಳ ನಡುವೆ 8 ಮಿಲಿಮೀಟರ್ ಇದ್ದ ಅಂತರ ಕೂದಲೆಳೆಯಷ್ಟಾಗುತ್ತದೆ. ಆಚೆ ಕಡೆಯ ಸರ್ಕ್ಯೂಟಿಗೆ ಪವರ್ ಕೂಡ ಬೇರೆಯೇ ಬೇಕು. ಅದಕ್ಕೆ ತಂತಿಯ ಸಂಬಂಧವಿಲ್ಲದೆ ಪವರ್ ದಾಟಿಸುವ ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್ ಹಾಕಬೇಕು. ಈಚೆಯ 5 ವೋಲ್ಟನ್ನು, ಗ್ರೌಂಡನ್ನು ವೈರಿನಲ್ಲೇ ಎಳೆದರೆ ಐಸೊಲೇಟರ್ ಇದ್ದೂ ಇಲ್ಲದ ಹಾಗೆ. ಬೋರ್ಡ್ ತಯಾರಾದ ಮೇಲೆ, ಪವರ್ ಕೊಡುವ ಮೊದಲೇ, ಮಲ್ಟಿಮೀಟರನ್ನು ಎರಡು ಗ್ರೌಂಡುಗಳ ನಡುವೆ ಹಿಡಿದು ನೋಡಿ. ಬೀಪ್ ಅಂದರೆ ಎಲ್ಲೋ ತಾಮ್ರ ಸೇರಿಕೊಂಡಿದೆ ಅಂತ ಅರ್ಥ. ಅದನ್ನು ಹುಡುಕಿ ತೆಗೆಯುವವರೆಗೂ ಸ್ವಿಚ್ ಹಾಕಬೇಡಿ.

ನಮಸ್ಕಾರ.