ಬಿಪಿ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತಾ?

ನಮ್ಮ ದೊಡ್ಡಪ್ಪನ ಮನೆಯಲ್ಲಿ ಟಿವಿ ಪಕ್ಕ ಒಂದು ಹಳೇ ಬಿಸ್ಕತ್ ಡಬ್ಬಿ ಇತ್ತು. ಎರಡು ವರ್ಷದ ಹಿಂದೆ ಏನೋ ಹುಡುಕುತ್ತಾ ಅದನ್ನು ತೆಗೆದೆ. ಒಳಗೆ ಬಿಪಿ ಮಾತ್ರೆಯ ಎಂಟು ಸ್ಟ್ರಿಪ್. ಒಂದೂ ಒಡೆದಿರಲಿಲ್ಲ. ಮಾತ್ರೆ ಹೆಸರು ಟೆಲ್ಮಿಸಾರ್ಟನ್. ಯಾಕೆ ತಗೊಳ್ತಿಲ್ಲ ಅಂದೆ. "ಅದು ಕಿಡ್ನಿ ತಿನ್ನುತ್ತಂತೆ ಕಣೋ" ಅಂದರು.

ಅವರು ಸುಮ್ನೆ ಹೆದರಿರಲಿಲ್ಲ. ಕೈಯಲ್ಲಿ ರಿಪೋರ್ಟ್ ಇತ್ತು. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಸೋಸುವುದು ಕಮ್ಮಿಯಾದರೆ ಅದು ರಕ್ತದಲ್ಲಿ ಏರುತ್ತದೆ. ಮಾತ್ರೆ ಶುರು ಮಾಡುವ ಮೊದಲು ಕ್ರಿಯಾಟಿನಿನ್ 1.2. ಎರಡು ವಾರ ಆದ ಮೇಲೆ 1.4. ಯಾರೋ ನೋಡಿ "ಏರಿದೆಯಲ್ಲ" ಅಂದಿದ್ದಾರೆ. ಅವತ್ತೇ ಮಾತ್ರೆ ಡಬ್ಬಿ ಸೇರಿದೆ.

ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ರೆನಿನ್, ಆಂಜಿಯೊಟೆನ್ಸಿನ್ ಅಂತ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ. ಆದರೆ ಮನೆಯವರಿಗೆ ಒಮ್ಮೆಯೂ ಹೇಳಿರಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಈ ಮಾತು.

ಕಿಡ್ನಿ ಅಂದರೆ ರಕ್ತ ಸೋಸುವ ಜರಡಿ ಅಂತ ನಮ್ಮ ಲೆಕ್ಕ. ಅದು ನಿಜ. ಆದರೆ ಬಿಪಿ ಎಷ್ಟಿದೆ ಅಂತ ಅದು ಗಮನಿಸುತ್ತಲೂ ಇರುತ್ತದೆ, ಬೇಕಾದರೆ ಏರಿಸಲೂ ಬಲ್ಲದು. ಏರಿಸಬಲ್ಲದು ಅನ್ನುವ ಸುಳಿವು ಸಿಕ್ಕಿದ್ದು 1898ರಲ್ಲಿ. ಸ್ಟಾಕ್‌ಹೋಮ್‌ನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಅನ್ನುವ ಇಬ್ಬರು ಮೊಲದ ಕಿಡ್ನಿ ಅರೆದು, ಅದರ ರಸವನ್ನು ಬೇರೆ ಮೊಲಗಳಿಗೆ ಚುಚ್ಚಿದರು. ಬಿಪಿ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು.

ಕಿಡ್ನಿಗೆ ಬರುವ ರಕ್ತದ ಒತ್ತಡ ಕಡಿಮೆ ಅನ್ನಿಸಿದರೆ ರೆನಿನ್ ಹೊರಬರುತ್ತದೆ. ಅದರಿಂದ ಶುರುವಾದ ಸರಪಳಿಯಲ್ಲಿ ಕೊನೆಗೆ ಆಂಜಿಯೊಟೆನ್ಸಿನ್ 2 ತಯಾರಾಗುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಿಡ್ನಿ ತಲೆ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರಾನ್ ಹೊರಡಿಸುತ್ತದೆ. ಆಲ್ಡೊಸ್ಟೆರಾನ್ ಉಪ್ಪನ್ನು ಹಿಡಿದಿಡುತ್ತದೆ, ಉಪ್ಪಿನ ಹಿಂದೆಯೇ ನೀರು. ಗಾಯವಾಗಿ ರಕ್ತ ಹೋದಾಗ, ವಾಂತಿ ಭೇದಿ ಆದಾಗ ಜೀವ ಉಳಿಸುವುದು ಇದೇ. ಬಿಪಿ ಮೊದಲೇ ಜಾಸ್ತಿ ಇರುವವರಲ್ಲಿ ಇದು ತಣ್ಣಗಾಗದೆ ಕೆಲಸ ಮಾಡುತ್ತಲೇ ಇದ್ದರೆ ತೊಂದರೆ.

ತೊಂದರೆ ಎಲ್ಲಿ ಅಂತ ದೊಡ್ಡಪ್ಪನಿಗೆ ಅವರ ಗದ್ದೆಯನ್ನೇ ಇಟ್ಟು ಹೇಳಿದೆ. ನಾಲೆ ನೀರು ಗದ್ದೆಗೆ ಬರುವ ಮಡೆ ಒಂದು, ಕೆಳಗಿನ ಗದ್ದೆಗೆ ಹೋಗುವ ಮಡೆ ಒಂದು, ಅಲ್ವಾ? ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಇಂಥ ಪುಟ್ಟ ಗದ್ದೆಗಳಿವೆ. ರಕ್ತ ಬರಲು ಒಂದು ನಾಳ, ಹೋಗಲು ಒಂದು ನಾಳ. ಬದುವಿನ ಮೂಲಕ ಜಿನುಗುವುದೇ ಸೋಸುವಿಕೆ. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೆಚ್ಚುಕಮ್ಮಿ ಅಷ್ಟನ್ನೂ ವಾಪಸ್ ಹೀರಿಕೊಳ್ಳುತ್ತವೆ.

ಆಂಜಿಯೊಟೆನ್ಸಿನ್ 2 ಹೆಚ್ಚು ಬಿಗಿಯುವುದು ಹೋಗುವ ಮಡೆಯನ್ನು. ಆಗ ಗದ್ದೆಯಲ್ಲಿ ನೀರು ಏರುತ್ತದೆ. ಜಿನುಗು ಜಾಸ್ತಿಯಾಗುತ್ತದೆ. ರಿಪೋರ್ಟ್ ನೋಡಿದರೆ ಕ್ರಿಯಾಟಿನಿನ್ ಚೆನ್ನಾಗೇ ಇರುತ್ತದೆ. ಆದರೆ ಬದು ಎಷ್ಟು ದಿನ ತಡೆದೀತು? ಬರಬರುತ್ತಾ ನೀರಿನ ಜೊತೆ ಮಣ್ಣೂ ಬರುತ್ತದೆ. ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರದಲ್ಲಿ ಕಾಣಿಸಿಕೊಂಡಿತು ಅಂದರೆ ಅದೇ ಆ ಮಣ್ಣು. ಹೀಗೆ ಬದು ಒಡೆದ ಗದ್ದೆಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ.

ಟೆಲ್ಮಿಸಾರ್ಟನ್ ಆಂಜಿಯೊಟೆನ್ಸಿನ್ 2 ಕೆಲಸ ಮಾಡದಂತೆ ತಡೆದು, ಆ ಬಿಗಿದ ಮಡೆಯನ್ನು ಬಿಡಿಸುತ್ತದೆ. ನೀರು ಇಳಿಯುತ್ತದೆ. ಬದು ಉಸಿರಾಡುತ್ತದೆ. ನೀರು ಇಳಿದ ಮೇಲೆ ಜಿನುಗೂ ಒಂದಿಷ್ಟು ಕಡಿಮೆ ಆಗಲೇಬೇಕು. ಅದಕ್ಕೇ ಕ್ರಿಯಾಟಿನಿನ್ 1.2 ಇದ್ದದ್ದು 1.4 ಆಯಿತು. ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ದೊಡ್ಡಪ್ಪ ಅದನ್ನು ರೋಗ ಅಂದುಕೊಂಡರು.

ಮೊದಮೊದಲು ಶೇ 30ರವರೆಗಿನ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಅವರದ್ದು ಶೇ 17. ಇದೇ ಸರಪಳಿಯನ್ನು ಬೇರೆ ಕಡೆ ತಡೆಯುವ ಕ್ಯಾಪ್ಟೊಪ್ರಿಲ್ ಅನ್ನು ಟೈಪ್ 1 ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋರುತ್ತಿದ್ದವರಿಗೆ ಕೊಟ್ಟು ನೋಡಿದ ಅಧ್ಯಯನ 1993ರಲ್ಲಿ ಬಂತು. ಸಾವು, ಡಯಾಲಿಸಿಸ್, ಕಿಡ್ನಿ ಕಸಿ, ಈ ಮೂರೂ ಸೇರಿದ ಅಪಾಯ ಅರ್ಧಕ್ಕೆ ಇಳಿದಿತ್ತು. ಕಿಡ್ನಿ ತಿನ್ನುತ್ತದೆ ಅಂತ ನಾವು ಡಬ್ಬಿಗೆ ಹಾಕುವುದು ಇಂಥ ಜಾತಿಯ ಮಾತ್ರೆಯನ್ನು. ನನಗೆ ಸಂಕಟ ಆಗುವುದು ಇಲ್ಲೇ.

ಮಾತ್ರೆ ಬರೆದುಕೊಟ್ಟವರು ಒಂದು ಮಾತು ಹೇಳಬೇಕಿತ್ತು. "ಎರಡು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಹೆದರಬೇಡಿ, ನನಗೆ ತೋರಿಸಿ." ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ರೋಗಿಗಳ ಸಾಲು ಉದ್ದ ಇರುತ್ತದೆ, ಗೊತ್ತು. ಆದರೂ ಇದು ಹೇಳಲೇಬೇಕಾದ ಮಾತು ಅಂತ ನಾನು ಖಡಾಖಂಡಿತ ಹೇಳುತ್ತೇನೆ.

ಎಚ್ಚರ ಬೇಡ ಅಂತಲ್ಲ. ಏರಿಕೆ ಶೇ 30 ದಾಟಿದರೆ ಅಥವಾ ಪೊಟ್ಯಾಶಿಯಂ ಜಾಸ್ತಿ ಆದರೆ ಡಾಕ್ಟರ್ ಯೋಚನೆ ಮಾಡಲೇಬೇಕು. ಕಿಡ್ನಿಯ ರಕ್ತನಾಳವೇ ಕಿರಿದಾಗಿರಬಹುದು. ಬಸುರಿಯರಿಗೆ ಈ ಮಾತ್ರೆ ಸಲ್ಲದು. ವಾಂತಿ ಭೇದಿ ಜೋರಾದ ದಿನ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಅವು ನೀರು ಬರುವ ಮಡೆಯನ್ನು ಬಿಗಿ ಮಾಡುತ್ತವೆ. ಬರುವುದು ಕಮ್ಮಿ, ಹೋಗುವ ಮಡೆ ತೆರೆದಿದೆ. ಗದ್ದೆ ಒಣಗುತ್ತದೆ.

ನಮ್ಮಲ್ಲಿ ಬಿಪಿ ನೋಡಿಸುತ್ತಾರೆ, ಸಕ್ಕರೆ ನೋಡಿಸುತ್ತಾರೆ, ಮೂತ್ರದ ಆಲ್ಬುಮಿನ್ ಕೇಳುವವರು ಕಮ್ಮಿ. ಬಿಪಿ ಇರುವವರು ಕೇಳಿ ಮಾಡಿಸಿಕೊಳ್ಳಿ. ಆಲ್ಬುಮಿನ್‌-ಕ್ರಿಯಾಟಿನಿನ್ ರೇಶಿಯೋ ಅನ್ನುತ್ತಾರೆ. ಅದು 30 mg/g ಒಳಗಿರಬೇಕು.

ಡಬ್ಬಿ ಸಿಕ್ಕಿದ ದಿನ ದೊಡ್ಡಪ್ಪನ ಬಿಪಿ 170/100 ಇತ್ತು. ಕಾಲ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ಮತ್ತೆ ಮಾತ್ರೆ ಶುರುವಾಯಿತು, ಊಟದಲ್ಲಿ ಉಪ್ಪಿನಕಾಯಿ ನಿಂತಿತು. ಆಲ್ಬುಮಿನ್ ಇಳಿದಿದೆ. ಕ್ರಿಯಾಟಿನಿನ್ ಮಾತ್ರ ಈಗ 1.7ರಲ್ಲಿ ನಿಂತಿದೆ, 1.4ಕ್ಕೆ ವಾಪಸ್ ಬಂದಿಲ್ಲ.