ಹೊಳೆ ಇಳಿಯಿತು, ಮನೆಗೆ ಹೊರಟಿದ್ದೀರಾ? ಬಾಗಿಲು ತೆಗೆಯುವ ಮೊದಲು ಇದನ್ನು ನೋಡಿ

[ದೃಶ್ಯ: ಘಟಪ್ರಭಾ ದಂಡೆಯ ಒಂದು ಓಣಿ. ಗೋಡೆಗಳ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ.]

ನಮಸ್ಕಾರ. ಹೊಳೆ ಇಳಿದ ಸುದ್ದಿ ಬಂತು ಅಂದರೆ ಕಾಳಜಿ ಕೇಂದ್ರದಲ್ಲಿ ಯಾರಿಗೂ ಕೂತಲ್ಲಿ ಕೂರಲು ಆಗುವುದಿಲ್ಲ. ಮನೆ ಏನಾಗಿದೆಯೋ ನೋಡಬೇಕು ಅನ್ನುವ ಅವಸರ. ಅಪಾಯ ಕಾದಿರುವುದು ಈ ಅವಸರದಲ್ಲೇ.

2019ರ ಆಗಸ್ಟಿನ ನೆರೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ನಮ್ಮಲ್ಲಿ ಹನಿ ಮಳೆ ಇಲ್ಲದಿದ್ದರೂ ನೆರೆ ಬರುತ್ತದೆ, ಅಲ್ವಾ? ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಕೊಯ್ನಾ ಅಣೆಕಟ್ಟು ತುಂಬಿದರೆ ಕೃಷ್ಣೆ ಉಕ್ಕುತ್ತಾಳೆ. ಹಿಡಕಲ್ ಅಣೆಕಟ್ಟು ತುಂಬಿದರೆ ಘಟಪ್ರಭಾ, ನವಿಲುತೀರ್ಥ ಅಣೆಕಟ್ಟು ತುಂಬಿದರೆ ಮಲಪ್ರಭಾ. ಗೋಕಾಕ, ಮುಧೋಳ, ರಾಮದುರ್ಗ, ಚಿಕ್ಕೋಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರು ಬಿಡುವುದು ಹೇಗೆ ಅಂತ ನಾವು ಕಲಿತಿದ್ದೇವೆ. ವಾಪಸ್ ಬರುವುದು ಹೇಗೆ ಅನ್ನುವುದರ ಬಗ್ಗೆ ಮಾತು ಕಡಿಮೆ.

[ದೃಶ್ಯ: ಕಲ್ಲು ಮಣ್ಣಿನ ಹಳೆ ಗೋಡೆ, ಹತ್ತಿರದಿಂದ.]

ಮೊದಲು ಗೋಡೆ. ಒಳಗೂ ಹೊರಗೂ ನೀರು ನಿಂತಿರುವಾಗ ಎರಡೂ ಕಡೆಯ ಒತ್ತಡ ಗೋಡೆಯನ್ನು ಹಿಡಿದಿರುತ್ತದೆ. ಹೊರಗಿನ ನೀರು ಬೇಗ ಇಳಿದರೆ ಆ ಆಸರೆ ಹೋಗುತ್ತದೆ. ಗೋಡೆ ಮಾತ್ರ ನೀರು ಕುಡಿದು ಭಾರವಾಗಿದೆ, ಕಲ್ಲುಗಳ ನಡುವಿನ ಮಣ್ಣು ಕೊಚ್ಚಿ ಹೋಗಿದೆ. ಆಮೇಲೆ ಬಿಸಿಲು ಬೀಳುತ್ತದೆ, ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಬಾಗಲಕೋಟೆ, ವಿಜಯಪುರದ ಎರೆ ಭೂಮಿಯಲ್ಲಿ ತಳಪಾಯದ ಕೆಳಗೂ ಇದೇ ಕಥೆ. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಯಲ್ಲಿ ನಿಂತಿದ್ದ ಗೋಡೆ ಬಿಸಿಲು ಬಿದ್ದ ಮೇಲೆ ಕುಸಿಯುವುದು ಇದಕ್ಕೇ.

ಹಾಗಾಗಿ ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಗೋಡೆ ಹೊಟ್ಟೆ ಬಿಟ್ಟಿದೆಯಾ? ಮೂಲೆಯಲ್ಲಿ ಎರಡು ಗೋಡೆ ಕೂಡುವ ಕಡೆ ಸೀಳು ಬಂದಿದೆಯಾ? ಮಾಳಿಗೆ ಮನೆಯಾದರೆ ತೊಲೆ ಜಾರಿದೆಯಾ? ಇನ್ನೊಂದು, ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಒದ್ದು ತೆಗೆಯಬೇಡಿ. ಕಟ್ಟಿಗೆ ನೆನೆದು ಉಬ್ಬಿರಬಹುದು. ಆದರೆ ಚೌಕಟ್ಟಿನ ಮೇಲೆ ಮಾಳಿಗೆಯ ಭಾರ ಕೂತಿದ್ದರೂ ಬಾಗಿಲು ಹೀಗೇ ಬಿಗಿಯುತ್ತದೆ. ಅನುಭವ ಇರುವ ಗೌಂಡಿಯನ್ನು ಕರೆದು ತೋರಿಸಿ. ಒಂದು ದಿನ ತಡವಾದರೂ ಪರವಾಗಿಲ್ಲ.

[ದೃಶ್ಯ: ಅಡುಗೆಮನೆ. ಕೆಸರಲ್ಲಿ ಅಡ್ಡ ಬಿದ್ದ ಸಿಲಿಂಡರ್, ಕಿತ್ತು ಹೋದ ಪೈಪ್.]

ಇನ್ನು ಗ್ಯಾಸ್. ತುಂಬಿದ ಸಿಲಿಂಡರ್ ನೀರಲ್ಲಿ ತೇಲುತ್ತದೆ ಅಂದರೆ ನಂಬುತ್ತೀರಾ? ಒಳಗೆ 14.2 ಕೆ.ಜಿ. ಗ್ಯಾಸ್, ಕಬ್ಬಿಣದ ತೂಕ ಸೇರಿ ಸುಮಾರು 30 ಕೆ.ಜಿ. ಆದರೆ ಅದು ಪಕ್ಕಕ್ಕೆ ಸರಿಸುವ ನೀರು 33 ಲೀಟರಿಗೂ ಜಾಸ್ತಿ. ಅದಕ್ಕೇ ತೇಲುತ್ತದೆ. ತೇಲುವಾಗ ಪೈಪನ್ನು ಜಗ್ಗುತ್ತದೆ, ಒಲೆಗೆ ಬಡಿಯುತ್ತದೆ, ರೆಗ್ಯುಲೇಟರ್ ಸಡಿಲವಾಗುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಕಿಟಕಿಯವರೆಗೆ ಏರದೆ ನೆಲಕ್ಕೆ ಅಂಟಿಕೊಂಡು ಮೂಲೆಯಲ್ಲಿ, ಗಟಾರದಲ್ಲಿ ಕೂತಿರುತ್ತದೆ. ಕೆಸರಿನ ನಾತದಲ್ಲಿ ಅದರ ವಾಸನೆ ಗೊತ್ತಾಗದೇ ಹೋಗಬಹುದು.

ಆದ್ದರಿಂದ ಬೀಡಿ, ಕಡ್ಡಿಪೆಟ್ಟಿಗೆ, ಮೇಣದಬತ್ತಿ ಮನೆಯ ಹತ್ತಿರವೂ ಬೇಡ. ಒಳಗೆ ಕತ್ತಲಿದ್ದರೆ ಬ್ಯಾಟರಿ ಟಾರ್ಚನ್ನು ಹೊರಗೇ ಹಚ್ಚಿಕೊಂಡು ಹೋಗಿ. ಬಾಗಿಲು ಕಿಟಕಿ ತೆರೆದಿಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಎಲ್ಲರೂ ಹೊರಗೆ ಬಂದು ದೂರ ನಿಂತು 1906ಕ್ಕೆ ಫೋನ್ ಮಾಡಿ. ಕೆಸರು ಹೊಕ್ಕ ರೆಗ್ಯುಲೇಟರನ್ನು ತೊಳೆದು ಮತ್ತೆ ಹಾಕುವ ಯೋಚನೆಯನ್ನೇ ಬಿಡಿ, ಏಜೆನ್ಸಿಯಲ್ಲಿ ಬದಲಿಸಿಕೊಳ್ಳಿ. ಯಾರದೋ ಸಿಲಿಂಡರ್ ನಿಮ್ಮ ಹಿತ್ತಲಿಗೆ ತೇಲಿ ಬಂದಿದ್ದರೆ ಒಳಗೆ ತರಬೇಡಿ, ಏಜೆನ್ಸಿಯವರಿಗೆ ತಿಳಿಸಿ.

ಇದೆಲ್ಲ ತಪ್ಪಬೇಕಾದರೆ ಮನೆ ಬಿಡುವಾಗಲೇ ಎರಡು ನಿಮಿಷದ ಕೆಲಸವಿದೆ. ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿಗೆ ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಕೂರಿಸಿ. ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಬಂದ ದಿನವೇ ಆ ಮುಚ್ಚಳ ಕತ್ತರಿಸಿ ಎಸೆದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

[ದೃಶ್ಯ: ಸ್ವಿಚ್ ಬೋರ್ಡ್ ಬಿಚ್ಚಿದಾಗ ಒಳಗೆ ತುಂಬಿದ ರೇವೆ ಮಣ್ಣು.]

ಕರೆಂಟ್ ವಿಷಯದಲ್ಲಿ ನನ್ನದೊಂದು ಕೋರಿಕೆ. ಇಡೀ ಓಣಿಯವರು ಸೇರಿ ತೀರ್ಮಾನ ಮಾಡಿ. ಒಬ್ಬರು ಇನ್ವರ್ಟರ್ ಅಥವಾ ಜನರೇಟರನ್ನು ಮನೆಯ ವೈರಿಂಗಿಗೆ ತಪ್ಪಾಗಿ ಜೋಡಿಸಿದರೆ, ಸತ್ತಿದೆ ಅಂದುಕೊಂಡ ಹೊರಗಿನ ಲೈನಿಗೆ ಕರೆಂಟ್ ಹರಿಯಬಹುದು. ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅದು ಕುತ್ತು. ಬೋರ್ಡಿನ ಹೊರಗೆ ಒಣಗಿದಂತೆ ಕಂಡರೂ ಒಳಗಿನ ಮಣ್ಣು ಎಷ್ಟೋ ದಿನ ಹಸಿಯಾಗಿರುತ್ತದೆ. ಅದರಿಂದಲೇ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ, ಅದೂ ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಆದರೆ ಗತಿಯೇನು? ಓಣಿಗೆಲ್ಲ ಒಬ್ಬ ಎಲೆಕ್ಟ್ರಿಷಿಯನ್ ಹಿಡಿದು, ಖರ್ಚು ಹಂಚಿಕೊಂಡು, ಮನೆಯಿಂದ ಮನೆಗೆ ಚೆಕ್ ಮಾಡಿಸಿ. ಅಲ್ಲಿಯವರೆಗೆ ಮೇನ್ ಸ್ವಿಚ್ ಆಫ್ ಇರಲಿ. ತಂತಿ ಹರಿದು ಬಿದ್ದಿದ್ದರೆ ಹೆಸ್ಕಾಂನ 1912, ಜೀವಕ್ಕೆ ಅಪಾಯವಾದರೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಹಾವುಗಳು ಒಣ ಜಾಗ ಹುಡುಕಿ ಬಂದಿರುತ್ತವೆ, ಹಾಸಿಗೆ ಪಾತ್ರೆಗೆ ಬರಿಗೈ ಹಾಕಬೇಡಿ. ಕುಡಿಯುವ ನೀರು ಕುದಿಸಿ.

[ದೃಶ್ಯ: ಮೊಬೈಲಿನಲ್ಲಿ ಬಿದ್ದ ಗೋಡೆಯ ಫೋಟೊ ತೆಗೆಯುತ್ತಿರುವ ಹೆಣ್ಣುಮಗಳು.]

ಕೆಸರು ಬಳಿಯುವ ಮೊದಲು ಫೋಟೊ ತೆಗೆಯಿರಿ. ಮನೆ ನಂಬರ್ ಕಾಣಲಿ, ನೀರಿನ ಗೆರೆ ಕಾಣಲಿ. 2019ರಲ್ಲಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆ ಆಗಿತ್ತು. ಯಾವ ಪಟ್ಟಿಗೆ ಸೇರುತ್ತೀರಿ ಅನ್ನುವುದು ಸಮೀಕ್ಷೆಗೆ ಬಂದವರ ಕಣ್ಣಿಗೆ ಏನು ಬಿತ್ತು ಅನ್ನುವುದರ ಮೇಲೆ ನಿಂತಿರುತ್ತದೆ. ಓದು ಬರಹ ಬಾರದ ಅಜ್ಜ ಅಜ್ಜಿ ಒಬ್ಬರೇ ಇರುವ ಮನೆಗಳಿಗೆ ಓಣಿಯ ಹುಡುಗರು ಹೋಗಿ ಈ ಫೋಟೊ ತೆಗೆದುಕೊಡಬೇಕು. ಸಮೀಕ್ಷೆಯ ದಿನ ಅವರ ಜೊತೆ ನಿಲ್ಲಬೇಕು.

ಕಡೆಗೆ ಉತಾರ, ಅಂದರೆ ಮನೆ ಹೊಲ ಯಾರ ಹೆಸರಲ್ಲಿದೆ ಅಂತ ತೋರಿಸುವ ಕಾಗದ. ನಮ್ಮ ಊರುಗಳಲ್ಲಿ ಎಷ್ಟೋ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇವೆ. ಪರಿಹಾರ ಬರುವ ಹೊತ್ತಿಗೆ ಅಣ್ಣ ತಮ್ಮಂದಿರ ನಡುವೆ ಕಾಗದ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯದಾದರೆ ಗ್ರಾಮ ಪಂಚಾಯ್ತಿಯಲ್ಲಿ, ಹೊಲದ್ದಾದರೆ ತಲಾಟಿ (ಗ್ರಾಮ ಆಡಳಿತ ಅಧಿಕಾರಿ) ಹತ್ತಿರ, ಬೇಸಿಗೆಯಲ್ಲೇ ವಾರಸಾ ಮಾಡಿಸಿ, ಅಂದರೆ ಉತಾರವನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೊತೆ ಉತಾರದ ಫೋಟೊವನ್ನೂ ಪರ ಊರಲ್ಲಿರುವ ಮಗಳಿಗೋ ಅಳಿಯನಿಗೋ ವಾಟ್ಸಾಪ್ ಮಾಡಿಡಿ. ನಿಮ್ಮ ಫೋನ್ ನೀರು ಪಾಲಾದರೂ ಕಾಗದ ಅವರ ಹತ್ತಿರ ಇರುತ್ತದೆ.