ಗೋಡೆಯೊಳಗಿನ ತುಕ್ಕು: ಅಹಮದಾಬಾದಿನ ಒಂದು ಲೈಬ್ರರಿಗೆ ಮರುಜೀವ ಬಂದದ್ದು ಹೇಗೆ?

[ಪರದೆ ಮೇಲೆ: ಕೆಂಪು ಇಟ್ಟಿಗೆಯ ಎತ್ತರದ ಗೋಡೆ, ಅದರಲ್ಲಿ ದೊಡ್ಡ ದುಂಡನೆಯ ತೆರವು]

ನಮಸ್ಕಾರ. ಐಐಎಂ ಬೆಂಗಳೂರಿನ ಕಲ್ಲಿನ ಕಟ್ಟಡದ ಬಗ್ಗೆ ನಾವು ಮಾತಾಡಿದ್ದಾಗ ತುಂಬ ಜನ ಒಂದೇ ಪ್ರಶ್ನೆ ಕೇಳಿದ್ದಿರಿ. ಇಷ್ಟು ಹಳೆಯ ಕ್ಯಾಂಪಸ್‌ಗಳಲ್ಲಿ ಈಗಿನ ಹುಡುಗರು ಓದುವುದು ಹೇಗೆ? ಅದರಲ್ಲೂ ಲೈಬ್ರರಿ. ಪುಸ್ತಕವೆಲ್ಲ ಫೋನಿನಲ್ಲೇ ಸಿಗುತ್ತದೆ, ಗೋಡೆ ಬಿರುಕು ಬಿಟ್ಟಿದೆ, ಮಳೆ ಬಂದರೆ ನೀರು ಇಳಿಯುತ್ತದೆ. ಕೆಡವಿ ಹೊಸದು ಕಟ್ಟಿದರೆ ಆಗುವುದಿಲ್ಲವಾ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಬೆಂಗಳೂರಿನಿಂದ ಅಹಮದಾಬಾದಿಗೆ ಹೋಗಬೇಕಾಗುತ್ತದೆ. ಐಐಎಂ ಬೆಂಗಳೂರನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಶಿ ಅವರೇ, ಅದಕ್ಕೂ ಮೊದಲು ಐಐಎಂ ಅಹಮದಾಬಾದಿಗೆ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆತಂದವರು. ಆ ಕ್ಯಾಂಪಸ್ಸಿನ ನಡುವೆ ವಿಕ್ರಮ್ ಸಾರಾಭಾಯ್ ಲೈಬ್ರರಿ ಇದೆ. ಇವತ್ತಿನ ಮಾತೆಲ್ಲ ಅದರದೇ.

ಹಿನ್ನೆಲೆಯನ್ನು ಬೇಗ ಮುಗಿಸೋಣ. ಐಐಎಂ ಅಹಮದಾಬಾದ್ ಶುರುವಾಗಿದ್ದು 1961ರಲ್ಲಿ. ಅದರ ಹಿಂದೆ ಇದ್ದವರು ವಿಕ್ರಮ್ ಸಾರಾಭಾಯ್. ಹೌದು, ಬಾಹ್ಯಾಕಾಶದ ಸಾರಾಭಾಯ್ ಅವರೇ. ಕಾನ್ 1962ರಲ್ಲಿ ಕೆಲಸ ಶುರು ಮಾಡಿದರು. 1974ರ ಮಾರ್ಚ್‌ನಲ್ಲಿ ಇಲ್ಲಿಂದ ಊರಿಗೆ ವಾಪಸ್ ಹೋಗುವಾಗ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲೇ ತೀರಿಕೊಂಡರು. ಉಳಿದ ಕೆಲಸವನ್ನು ಮುಂದುವರಿಸಿದವರು ಅನಂತ ರಾಜೆ. ಇಷ್ಟು ಸಾಕು.

ಈಗ ಆ ಗೋಡೆಯ ಹತ್ತಿರ ಹೋಗೋಣ.

[ಪರದೆ ಮೇಲೆ: ಗೋಡೆಯ ಕ್ಲೋಸಪ್, ಚಪ್ಪಟೆ ಕಮಾನು, ಅದರ ಕೆಳಗೆ ಕಾಂಕ್ರೀಟ್ ತೊಲೆ]

ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ. ಬರೀ ಇಟ್ಟಿಗೆ. ಇಟ್ಟಿಗೆಯೇ ಭಾರ ಹೊರುತ್ತದೆ, ಇಟ್ಟಿಗೆಯೇ ಕಾಣುತ್ತದೆ. ಕಿಟಕಿ ಬಾಗಿಲುಗಳ ಮೇಲೆ ಕಮಾನು. ಕಮಾನಿನ ಸ್ವಭಾವ ಏನೆಂದರೆ, ಮೇಲಿನ ಭಾರವನ್ನು ಅದು ಎರಡೂ ಪಕ್ಕಕ್ಕೆ ತಳ್ಳುತ್ತದೆ. ಕಮಾನು ಚಪ್ಪಟೆಯಾದಷ್ಟೂ ತಳ್ಳುವುದು ಜಾಸ್ತಿ. ಹಿಂದಿನವರು ಅದಕ್ಕೇ ಪಕ್ಕದ ಗೋಡೆಗಳನ್ನು ದಪ್ಪ ಮಾಡುತ್ತಿದ್ದರು. ಕಾನ್ ಏನು ಮಾಡಿದರು? ಕಮಾನಿನ ಎರಡು ಕಾಲುಗಳ ನಡುವೆ ಒಂದು ಕಾಂಕ್ರೀಟ್ ತೊಲೆ ಹಾಕಿದರು. ಆ ತೊಲೆ ಎರಡೂ ಕಾಲುಗಳನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಹಾಗಾಗಿ ಇಟ್ಟಿಗೆಯಲ್ಲೇ ಅಷ್ಟು ಅಗಲದ ತೆರವು ಸಾಧ್ಯವಾಯಿತು. ಚಂದಕ್ಕಾಗಿ ಹಾಕಿದ ತೊಲೆ ಅಲ್ಲ ಅದು, ದುಡಿಯುವ ತೊಲೆ. ಒಮ್ಮೆ ಇದು ತಿಳಿದ ಮೇಲೆ ಆ ಗೋಡೆಯನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಸರಿ, ಇಷ್ಟು ಯೋಚನೆ ಮಾಡಿ ಕಟ್ಟಿದ ಗೋಡೆ ಬಿರುಕು ಬಿಟ್ಟದ್ದು ಯಾಕೆ?

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಗುಜರಾತ್ ಭೂಕಂಪದ ಸೀಮೆ. ಅದಕ್ಕೆ ಮುನ್ನೆಚ್ಚರಿಕೆಯಾಗಿ ಇಟ್ಟಿಗೆ ಗೋಡೆಗಳ ಒಳಗೆ ಕಬ್ಬಿಣದ ಸರಳು ಇಟ್ಟಿದ್ದರು. ಆ ಕಾಲಕ್ಕೆ ಸರಿಯಾದ ಯೋಚನೆಯೇ. ಆದರೆ ಕಾಂಕ್ರೀಟಿನ ಒಳಗೆ ಇರುವ ಸರಳಿಗೂ ಇಟ್ಟಿಗೆಯ ಒಳಗೆ ಇರುವ ಸರಳಿಗೂ ವ್ಯತ್ಯಾಸ ಇದೆ. ಚೆನ್ನಾಗಿ ಹಾಕಿದ ಕಾಂಕ್ರೀಟು ತನ್ನ ಕ್ಷಾರ ಗುಣದಿಂದ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಇಟ್ಟಿಗೆ ಹಾಗಲ್ಲ. ಅದು ನೀರು ಕುಡಿಯುತ್ತದೆ. ಮೇಲೆ ಪ್ಲಾಸ್ಟರ್ ಬೇರೆ ಇಲ್ಲ. ಮಳೆಗಾಲದಲ್ಲಿ ನೆನೆಯುತ್ತದೆ, ಬೇಸಿಗೆಯಲ್ಲಿ ಕಾದು ಒಣಗುತ್ತದೆ, ಮತ್ತೆ ನೆನೆಯುತ್ತದೆ. ಹೀಗೆ ಹತ್ತಾರು ವರ್ಷ.

ಒಳಗಿನ ಸರಳಿಗೆ ತುಕ್ಕು ಹಿಡಿಯಿತು. ತುಕ್ಕು ಹಿಡಿದರೆ ಕಬ್ಬಿಣ ಸವೆಯುತ್ತದೆ, ಅಷ್ಟೇ ತಾನೇ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ತುಕ್ಕು ಊದುತ್ತದೆ. ಮೂಲ ಕಬ್ಬಿಣಕ್ಕಿಂತ ತುಕ್ಕು 2ರಿಂದ 6 ಪಟ್ಟು ಜಾಸ್ತಿ ಜಾಗ ಹಿಡಿಯುತ್ತದೆ. ಗೋಡೆಯ ಒಳಗೆ ಆ ಜಾಗ ಎಲ್ಲಿದೆ? ಇಲ್ಲ. ಆದ್ದರಿಂದ ಅದು ಇಟ್ಟಿಗೆಯನ್ನೇ ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ. ಹಳೆ ಗುಡಿಯ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದ್ದನ್ನು ನೋಡಿದ್ದೀರಲ್ಲ? ಮೊದಲು ಕೂದಲೆಳೆಯಂಥ ಬೇರು, ಹತ್ತು ವರ್ಷಕ್ಕೆ ಕಲ್ಲನ್ನೇ ಪಕ್ಕಕ್ಕೆ ಸರಿಸಿರುತ್ತದೆ. ತುಕ್ಕು ಮಾಡುವುದೂ ಅದನ್ನೇ. ಆದರೆ ಅರಳಿ ಗಿಡಕ್ಕೆ ಎಲೆ ಇರುತ್ತದೆ, ಕಣ್ಣಿಗೆ ಬೀಳುತ್ತದೆ, ಯಾರಾದರೂ ಕಿತ್ತು ಹಾಕುತ್ತಾರೆ. ತುಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿರುಕು ಹೊರಗೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ.

ಇದರ ಜೊತೆಗೆ ಉಪ್ಪು. ನಮ್ಮ ಮನೆಗಳಲ್ಲೂ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತದೆ, ಅಲ್ವಾ? ಇಟ್ಟಿಗೆ ಮತ್ತು ಮಣ್ಣಿನಲ್ಲಿರುವ ಉಪ್ಪು ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಹರಳಾಗುತ್ತದೆ. ಆ ಹರಳು ಮೇಲ್ಪದರದ ಒಳಗೇ ಕಟ್ಟಿಕೊಂಡರೆ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಇದೆಲ್ಲ ಸಾಲದು ಎಂಬಂತೆ 2001ರ ಜನವರಿ 26ರ ಭೂಕಂಪ ಬೇರೆ ಕ್ಯಾಂಪಸ್ಸನ್ನು ಅಲುಗಾಡಿಸಿತು.

ಅಂದರೆ ಲೈಬ್ರರಿಯ ಕಾಯಿಲೆ ಅದರ ವಯಸ್ಸಲ್ಲ, ನೀರು. ನನ್ನ ಪ್ರಕಾರ ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಮಾತು ಇದೇ. ಹಳೆಯ ಲೈಬ್ರರಿ ನವೀಕರಣ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಹೊಸ ಕುರ್ಚಿ, ಬಣ್ಣದ ಸೋಫಾ, ಸ್ಮಾರ್ಟ್ ಬೋರ್ಡ್. ಚಾವಣಿ ಸೋರುತ್ತಿರುವಾಗ ಸ್ಮಾರ್ಟ್ ಬೋರ್ಡ್ ತಂದು ಏನು ಮಾಡುತ್ತೀರಿ? ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

[ಪರದೆ ಮೇಲೆ: ಬಿರುಕಿನ ಉದ್ದಕ್ಕೂ ಎಳೆದ ಸೀಮೆಸುಣ್ಣದ ಗೆರೆ, ಗೋಡೆಯ ನಕ್ಷೆ]

ಈ ಕೆಲಸ ಮುಂಬೈನ ವಾಸ್ತುಶಿಲ್ಪಿ ಬೃಂದಾ ಸೋಮಯ ಅವರ ಸಂಸ್ಥೆಗೆ ಸಿಕ್ಕಿತು. ಸಂಸ್ಥೆಯ ಹೆಸರು ಸೋಮಯ ಅಂಡ್ ಕಾಳಪ್ಪ. ಈ ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಕೊಡಗು ನೆನಪಾಗದೆ ಇರುವುದಿಲ್ಲ. ಅವರು ಮೊದಲು ಮಾಡಿದ್ದು ಪರೀಕ್ಷೆ. ರೋಗ ಯಾವುದು, ಎಲ್ಲೆಲ್ಲಿ ಹಬ್ಬಿದೆ ಅಂತ ಗೋಡೆ ಗೋಡೆಯನ್ನೂ ಅಧ್ಯಯನ ಮಾಡಿ ಆಮೇಲೆ ಕೈ ಹಾಕಿದರು.

ಇಂಥ ಗೋಡೆಯ ದುರಸ್ತಿಯಲ್ಲಿ ಒಂದು ನಿಯಮ ಇದೆ. ಮನೆ ಕಟ್ಟಿಸುವವರೂ ನೆನಪಿಟ್ಟುಕೊಳ್ಳಬಹುದು. ಸಂದಿ ತುಂಬುವ ಗಾರೆ ಇಟ್ಟಿಗೆಗಿಂತ ಗಟ್ಟಿ ಇರಬಾರದು. ಗಟ್ಟಿ ಸಿಮೆಂಟು ಮೆತ್ತಿಬಿಟ್ಟರೆ ಗೋಡೆ ಭದ್ರವಾಯಿತು ಅಂತ ಅನ್ನಿಸುತ್ತದೆ. ಆದರೆ ಒಳಗಿನ ತೇವಕ್ಕೆ ಆಗ ಸಂದಿಯಿಂದ ಹೊರಬರುವ ದಾರಿ ಇರುವುದಿಲ್ಲ. ಅದು ಮೆದು ಇಟ್ಟಿಗೆಯ ಮೂಲಕವೇ ಬರುತ್ತದೆ, ಉಪ್ಪನ್ನೂ ತರುತ್ತದೆ, ಇಟ್ಟಿಗೆ ಹಾಳಾಗುತ್ತದೆ. ಗಾರೆ ಮೆದುವಾಗಿದ್ದರೆ ಸವೆಯುವುದು ಗಾರೆ. ಅದನ್ನು ಮತ್ತೆ ತುಂಬಬಹುದು. ಇಟ್ಟಿಗೆಯನ್ನು ಮತ್ತೆ ತುಂಬಲಾಗುವುದಿಲ್ಲ.

ಇನ್ನು ವಯರಿಂಗ್. ನಮ್ಮ ಮನೆಗಳಲ್ಲಿ ಗೋಡೆ ಕೊರೆದು ಪೈಪ್ ಹಾಕುತ್ತಾರೆ, ಮೇಲೆ ಪ್ಲಾಸ್ಟರ್ ಬಳಿದರೆ ಮುಗಿಯಿತು. ಇಟ್ಟಿಗೆಯೇ ಮುಖವಾಗಿರುವ ಗೋಡೆಯನ್ನು ಕೊರೆಯಲು ಆಗುತ್ತದಾ? ಒಂದು ಸ್ವಿಚ್ ಬೋರ್ಡಿನ ಜಾಗ ಕೂಡ ಹತ್ತು ಸಲ ಯೋಚಿಸಿ ಇಡಬೇಕು. ಇಷ್ಟೆಲ್ಲದರ ನಡುವೆ ಲೈಬ್ರರಿಯ ಒಳಗೆ ಈಗಿನ ಓದಿಗೆ ಬೇಕಾದದ್ದು ಬಂತು. ಗುಂಪಾಗಿ ಕೂತು ಚರ್ಚೆ ಮಾಡುವ ಜಾಗ, ಹೊಸ ದೀಪಗಳು, ಗಾಲಿಕುರ್ಚಿಯಲ್ಲಿ ಬರುವವರೂ ಓಡಾಡುವ ದಾರಿ. ಈ ಕೊನೆಯದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಕಾನ್ ಅವರ ಕಟ್ಟಡ ಅಂದರೆ ಮೆಟ್ಟಿಲು, ಎತ್ತರ, ಗಾಂಭೀರ್ಯ. ಮೆಟ್ಟಿಲು ಹತ್ತಲಾಗದವರಿಗೆ ಆ ಗಾಂಭೀರ್ಯ ದೂರದ ಬೆಟ್ಟವೇ. 2019ರಲ್ಲಿ ಯುನೆಸ್ಕೋ ಈ ದುರಸ್ತಿಗೆ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣೆಯ ಪ್ರಶಸ್ತಿ ಕೊಟ್ಟಿತು.

[ಪರದೆ ಮೇಲೆ: ಎಕ್ಸೆಟರ್ ಲೈಬ್ರರಿ, ಕಿಟಕಿ ಪಕ್ಕದ ಓದುವ ಮೇಜು]

ಈಗ ಒಂದು ಸಣ್ಣ ಸುತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ಅಂತ ಒಂದು ಹಳೆಯ ವಸತಿ ಶಾಲೆ ಇದೆ. ಶುರುವಾದದ್ದು 1781ರಲ್ಲಿ. ಅಹಮದಾಬಾದಿನ ಕೆಲಸ ನಡೆಯುತ್ತಿದ್ದಾಗಲೇ ಕಾನ್ ಆ ಶಾಲೆಗೂ ಒಂದು ಲೈಬ್ರರಿ ಕಟ್ಟಿದರು. 1971ರಲ್ಲಿ ಅದು ತೆರೆಯಿತು. ಅಲ್ಲೂ ಇಟ್ಟಿಗೆ, ಅಲ್ಲೂ ದೊಡ್ಡ ದುಂಡು ತೆರವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅಣ್ಣ ತಮ್ಮ ಅಂತ ಗೊತ್ತಾಗುತ್ತದೆ.

ಅಲ್ಲಿನ ಒಂದು ಮೇಜನ್ನು ಹತ್ತಿರದಿಂದ ನೋಡಿ. ಹೊರಗೋಡೆಯ ಉದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಓದುವ ಮೇಜು ಇದೆ, ಒಟ್ಟು 210. ಮೇಜಿನ ಮಟ್ಟದಲ್ಲಿ ಒಂದು ಪುಟ್ಟ ಕಿಟಕಿ. ಅದಕ್ಕೆ ಮರದ ಜಾರು ಬಾಗಿಲು. ಹೊರಗೆ ನೋಡಬೇಕು ಅನ್ನಿಸಿದರೆ ಸರಿಸು, ಬೇಡವಾದರೆ ಮುಚ್ಚಿಕೋ. ಆ ಪುಟ್ಟ ಕಿಟಕಿಯ ಮೇಲೆ ದೊಡ್ಡ ಕಿಟಕಿ, ಇಡೀ ಜಾಗಕ್ಕೆ ಬೆಳಕು ಕೊಡುವುದಕ್ಕೆ. ಪುಸ್ತಕದ ಕಪಾಟುಗಳು ಒಳಗೆ, ಬಿಸಿಲು ತಾಗದ ಕಡೆ. ಓದುವವರು ಕತ್ತಲ ಕಡೆಯಿಂದ ಪುಸ್ತಕ ತೆಗೆದುಕೊಂಡು ಬೆಳಕಿಗೆ ಬರಬೇಕು. ಕಾನ್ ಅವರ ಲೈಬ್ರರಿ ಎಂದರೆ ಇಷ್ಟೇ, ಆ ನಾಲ್ಕು ಹೆಜ್ಜೆ.

ಇದನ್ನು ಹೇಳಿದ್ದು ಯಾಕೆ ಅಂದರೆ, 1966ರಲ್ಲೇ ಆ ಶಾಲೆಯ ಸಮಿತಿ ಕಾನ್ ಅವರಿಗೆ ಲಿಖಿತವಾಗಿ ಕೊಟ್ಟ ಬೇಡಿಕೆಯಲ್ಲಿ ಒಂದು ಮಾತಿತ್ತು. ಲೈಬ್ರರಿ ಇನ್ನು ಮುಂದೆ ಪುಸ್ತಕ ತುಂಬಿಡುವ ಉಗ್ರಾಣ ಅಲ್ಲ, ಅದು ಸಂಶೋಧನೆಯ ಪ್ರಯೋಗಶಾಲೆ, ಸುಮ್ನೆ ಕೂತು ಓದಿ ಯೋಚಿಸುವ ತಾಣ ಅಂತ. 1966! ಇವತ್ತು ನಾವು ಆಧುನಿಕ ಕಲಿಕೆ ಅಂತ ದೊಡ್ಡದಾಗಿ ಹೇಳುವ ಮಾತನ್ನು ಅವರು ಅಷ್ಟು ವರ್ಷಗಳ ಹಿಂದೆಯೇ ಬರೆದು ಕೊಟ್ಟಿದ್ದರು. ಆ ಯೋಚನೆಯಲ್ಲಿ ಹುಟ್ಟಿದ ಕಟ್ಟಡಕ್ಕೆ ಲ್ಯಾಪ್‌ಟಾಪ್ ಬಂದರೇನು, ಫೋನ್ ಬಂದರೇನು? ಬೆಳಕು, ಒಂದು ಮೇಜು, ಪಕ್ಕದಲ್ಲಿ ಓದುತ್ತಿರುವ ಇನ್ನೊಬ್ಬರು. ಇವು ಹಳತಾಗುವ ವಸ್ತುಗಳಲ್ಲ. ಅಹಮದಾಬಾದಿನಲ್ಲೂ ಉಳಿಸಬೇಕಾಗಿದ್ದುದು ಇದೇ. ಹೊಸದಾಗಿ ಸೇರಿಸಿದ್ದೆಲ್ಲ ಇದರ ಪಕ್ಕದಲ್ಲಿ ಚಿಕ್ಕದು.

ಸಮಯ ಆಗುತ್ತಾ ಬಂತು. ನೀವು ಕೇಳಿದ್ದ ಇನ್ನು ಕೆಲವು ಪ್ರಶ್ನೆಗಳಿಗೆ ಬೇಗ ಬೇಗ ಉತ್ತರ.

ಉಳಿದ ಕ್ಯಾಂಪಸ್ ಏನಾಯಿತು? ಇದು ನೋವಿನ ಕಥೆ. 2020ರ ಡಿಸೆಂಬರ್‌ನಲ್ಲಿ 18 ಹಾಸ್ಟೆಲ್‌ಗಳಲ್ಲಿ 14ನ್ನು ಕೆಡವುವ ಯೋಜನೆ ಹೊರಬಂತು. ಜಗತ್ತಿನ ಮೂಲೆ ಮೂಲೆಯಿಂದ ವಿರೋಧ ಬಂತು. 2021ರ ಜನವರಿ 1ಕ್ಕೆ ಅದನ್ನು ಹಿಂದಕ್ಕೆ ಪಡೆದರು. 2022ರ ನವೆಂಬರ್‌ನಲ್ಲಿ ಮತ್ತೆ ಕೆಲವು ಹಾಸ್ಟೆಲ್, ತರಗತಿಗಳ ಕಟ್ಟಡ, ಅಧ್ಯಾಪಕರ ಬ್ಲಾಕ್ ಇವನ್ನು ಹೊಸದಾಗಿ ಕಟ್ಟುವ ನಿರ್ಧಾರ ಪ್ರಕಟವಾಯಿತು. ಆಡಳಿತದ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳು ಮಲಗುವ ಕೋಣೆಯ ಚಾವಣಿಯಿಂದ ಚಕ್ಕೆ ಬೀಳುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತದೆ? ಆದರೂ ಲೈಬ್ರರಿಗೆ ಕೊಟ್ಟಷ್ಟು ತಾಳ್ಮೆಯನ್ನು ಹಾಸ್ಟೆಲ್‌ಗಳಿಗೂ ಕೊಡಬೇಕಿತ್ತು ಎಂಬುದು ನನ್ನ ನಂಬಿಕೆ.

ನಮ್ಮ ಊರಿನ ಹಳೆ ಶಾಲೆಗೆ ಇದರಿಂದ ಏನು ಉಪಯೋಗ? ತುಂಬ ಇದೆ. ನಮ್ಮಲ್ಲಿ ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳು ಎಷ್ಟೋ ಇವೆ. ಹೆಂಚಿನ ಮಾಡು, ದಪ್ಪ ಗೋಡೆ, ಎತ್ತರದ ಕಿಟಕಿ. ಬಹಳ ಕಡೆ ಲೈಬ್ರರಿ ಎಂದರೆ ಬೀಗ ಹಾಕಿದ ಒಂದು ಬೀರು. ಹಳೆ ವಿದ್ಯಾರ್ಥಿಗಳು ಸೇರಿ ದುಡ್ಡು ಹಾಕುವುದಾದರೆ ಮೊದಲ ದುಡ್ಡು ಹೆಂಚಿಗೆ ಹೋಗಲಿ, ಒಡೆದ ಹೆಂಚು ಬದಲಾಯಿಸಿ. ಎರಡನೆಯದು ಮಾಡಿನ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ದೂರ ಹರಿಯುವ ಚರಂಡಿಗೆ. ಸುಣ್ಣದ ಗೋಡೆಯ ಮೇಲೆ ಸಿಮೆಂಟು ಬಳಿಸಬೇಡಿ. ಟೈಲ್ಸ್ ಅಂತೂ ಬೇಡವೇ ಬೇಡ. ಆಮೇಲೆ ಬೀರುವಿನ ಬೀಗ ತೆಗೆಸಿ, ಕಿಟಕಿಯ ಪಕ್ಕ ಒಂದು ಉದ್ದ ಬೆಂಚು ಹಾಕಿಸಿ, ಚಾರ್ಜ್ ಮಾಡಲು ಎರಡು ಪ್ಲಗ್ ಕೊಡಿಸಿ. ಪುಸ್ತಕಗಳು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಇರಲಿ. ಕಂಪ್ಯೂಟರ್ ಆಮೇಲೆ ಬರಬಹುದು.

ಐಐಎಂ ಬೆಂಗಳೂರಿನ ಲೈಬ್ರರಿ ಬಗ್ಗೆಯೂ ಕೇಳಿದ್ದಿರಿ. ಅದು ಇಟ್ಟಿಗೆಯಲ್ಲ, ಕಲ್ಲು. ಕಲ್ಲಿನ ತೊಂದರೆಗಳೇ ಬೇರೆ. ಅದಕ್ಕೆ ಬೇರೆ ವಿಡಿಯೋ ಮಾಡೋಣ.

ನಿಮ್ಮ ಶಾಲೆಯಲ್ಲಿ ಹಳೆಯ ಲೈಬ್ರರಿ ಕೋಣೆ ಇದ್ದರೆ ಅದರ ಚಾವಣಿಯ ಮತ್ತು ಗೋಡೆಯ ಬುಡದ ಫೋಟೋ ಕಳಿಸಿ. ಬೇಸಿಗೆಯದು ಬೇಡ, ಮಳೆಗಾಲದಲ್ಲಿ ತೆಗೆದದ್ದು ಕಳಿಸಿ. ನೀರು ಎಲ್ಲಿಂದ ಬರುತ್ತಿದೆ ಅಂತ ಸಂರಕ್ಷಣೆಯ ಕೆಲಸ ಗೊತ್ತಿರುವ ಒಬ್ಬ ಇಂಜಿನಿಯರ್ ಜೊತೆ ಕೂತು ನೋಡೋಣ.